ಪ್ರಾಂಪ್ಟರ್ ದೊಡ್ಡಮ್ಮ ಮತ್ತು ಎರಡು ನಿಮಿಷ

ಮಾರ್ಚ್ 3, ಬೆಳಿಗ್ಗೆ 11
ಇವತ್ತೂ ರಿಹರ್ಸಲ್‌ನಲ್ಲಿ ಅದೇ ರಾಗ. ನಾಟಕದ ನಡುವೆ ನಾನು ಎರಡು ನಿಮಿಷ ಸುಮ್ಮನೆ ನಿಲ್ಲಬೇಕು. ಆ ಮೌನವೇ ನನ್ನ ಪಿಎಚ್‌ಡಿ. ಇಪ್ಪತ್ತು ಸೆಕೆಂಡ್ ಆಗಿರಲಿಲ್ಲ — ಪಕ್ಕದ ಕುರ್ಚಿಯಿಂದ ಪಿಸುಮಾತು: "ಬಾಗಿಲು ಹಾಕಿದ್ದು ನಾನೇ..." ನನ್ನ ಮುಂದಿನ ಮಾತು. ದೊಡ್ಡಮ್ಮ!

ಮೂವತ್ತೊಂದು ವರ್ಷ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್. ಪರದೆ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಎತ್ತಿಕೊಟ್ಟವಳು. ಅವಳನ್ನು ರಂಗದ ಮೇಲೆ, ಬೆಳಕಿನಲ್ಲಿ ಕೂರಿಸುವುದೂ ನನ್ನ ಸಂಶೋಧನೆಯ ಭಾಗ. ಕೂರಿಸಿದ್ದೇನೆ. ಅನುಭವಿಸುತ್ತಿದ್ದೇನೆ.

ಮಾರ್ಚ್ 4
"ದೊಡ್ಡಮ್ಮ, ಅದು ಮರೆವಲ್ಲ. ಬೇಕಂತ್ಲೇ ಸುಮ್ನಿರೋದು."
"ಬೇಕಂತ ಯಾರಾದ್ರೂ ಸುಮ್ನಿರ್ತಾರೇನೇ? ಜನ ಟಿಕೆಟ್ ತಗೊಂಡು ಬಂದಿರ್ತಾರೆ."
ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮಾರ್ಚ್ 9
ಗೈಡ್ ರಿಹರ್ಸಲ್ ನೋಡಲು ಬಂದಿದ್ದರು. ಅವರಿಗೆ ನಾನಿಟ್ಟ ಹೆಸರು ಅಡಿಟಿಪ್ಪಣಿ. ಏನೇ ಹೇಳಲಿ, ಕೊನೆಗೆ ಸಣ್ಣದೊಂದು ಸೇರಿಸಲೇಬೇಕು. "ಮೌನ ಮುರಿದ್ರೆ ಥೀಸಿಸ್ಸೇ ಇಲ್ಲ. ಅಂದ ಹಾಗೆ, ಈ ತಿಂಗಳ ಮೂವತ್ತೊಂದಕ್ಕೆ ನಿಮ್ಮ ರಿಜಿಸ್ಟ್ರೇಶನ್ ಮುಗಿಯುತ್ತೆ." ಆರು ವರ್ಷ ಮಣ್ಣುಪಾಲು!

ಮನೆಗೆ ಬಂದವಳೇ ದೊಡ್ಡಮ್ಮನ ಮೇಲೆ ಹರಿಹಾಯ್ದೆ. "ಶೋ ದಿನ ಬಾಯಿ ಬಿಡ್ಬೇಡ. ನನ್ನಾಣೆ."
"ಏನೇ ಆದ್ರೂನಾ?"
"ಏನೇ ಆದ್ರೂ."

ಮಾರ್ಚ್ 24, ಸಂಜೆ 6
ಪರೀಕ್ಷೆಯ ಶೋ ಮುಗಿಯಿತು. ಎರಡು ನಿಮಿಷ ನಿಂತೆ. ದೊಡ್ಡಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ತೆರೆದೆ — ಮಾತೇ ಇಲ್ಲ. ನಿಜವಾಗಿಯೂ ಮರೆತುಹೋಗಿದೆ. ಅವಳ ಕಡೆ ನೋಡಿದೆ. ಬಾಯಿಗೆ ಎರಡೂ ಕೈ ಅಡ್ಡ. ಕಣ್ಣಲ್ಲಿ ನೀರು. ಇನ್ನೂ ಐದು ನಿಮಿಷ... ಆಮೇಲೆ ಹೇಗೋ ಹೊಳೆಯಿತು.
ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅದ್ಭುತ ನಿಯಂತ್ರಣ" ಅಂತೆ. ನನ್ನ ತಲೆ.

ಮಾರ್ಚ್ 25
ದೊಡ್ಡಮ್ಮ ನಿನ್ನೆಯಿಂದ ಊಟ ಮಾಡಿಲ್ಲ. "ನೀ ಮರೆತೆ ಅಂತ ಆಗ್ಲೇ ಗೊತ್ತಾಯ್ತು ಕಣೇ. ಸುಮ್ನಿರೋರ ಕಣ್ಣೇ ಬೇರೆ, ಮರೆತೋರ ಕಣ್ಣೇ ಬೇರೆ. ಇಷ್ಟು ವರ್ಷದಲ್ಲಿ ಒಬ್ರನ್ನೂ ಹಾಗೆ ನಡುನೀರಲ್ಲಿ ಕೈಬಿಟ್ಟಿರ್ಲಿಲ್ಲ."
ನಾಚಿಕೆಯಾಯಿತು. ಮಾಡಿದ್ದು ನಾನು, ಅಳುವುದು ಅವಳು.

ಮಾರ್ಚ್ 30, ಬೆಳಿಗ್ಗೆ 10
ಅಡಿಟಿಪ್ಪಣಿಯ ಮೇಲ್. ಎರಡು ನಿಮಿಷದ ಮೌನವನ್ನು ಏಳಕ್ಕೆ ಏರಿಸಿದ್ದರ ಉದ್ದೇಶವೇನು? ನಾನೂರು ಪದ, ನಾಳೆಯೊಳಗೆ. "ಅಂದ ಹಾಗೆ, ಡಿಗ್ರಿ ನಿಂತಿರುವುದು ಅದರ ಮೇಲೇ."

'ಸಂಶೋಧಕಿ ಉದ್ದೇಶಪೂರ್ವಕವಾಗಿ' ಎಂದು ಬರೆದೆ. ಅಳಿಸಿದೆ. ಮತ್ತೆ ಅದನ್ನೇ ಬರೆದೆ. ಥೂ.
ಬಾಗಿಲಲ್ಲಿ ದೊಡ್ಡಮ್ಮ. "ಏನೇ ಬರೀತಿದ್ದೀಯ?"
"ಏನಿಲ್ಲ, ಹೋಗು."
ಹೋದಳು. ಅಳಿಸಿದೆ.

'ಐದು ನಿಮಿಷ ನನಗೆ ಮಾತು ಮರೆತಿತ್ತು. ಪ್ರಾಂಪ್ಟರ್‌ಗೆ ಅದು ಗೊತ್ತಿತ್ತು. ಆಣೆ ಇಟ್ಟು ಬಾಯಿ ಮುಚ್ಚಿಸಿದವಳು ನಾನು. ಪರೀಕ್ಷಕರು ಮೆಚ್ಚಿದ ನಿಯಂತ್ರಣ ನನ್ನದಲ್ಲ, ಆಕೆಯದು.'

ಹದಿನೆಂಟು ಪದ. ಉಳಿದ ಮುನ್ನೂರ ಎಂಬತ್ತೆರಡು ಎಲ್ಲಿಂದ ತರಲಿ? ಇದ್ದದ್ದೇ ಇಷ್ಟು. 'ಕಳಿಸು' ಒತ್ತಿದೆ.