ಅವ್ವನ ಮುಷ್ಕರ

ಸಪ್ತಾಪುರ, ಧಾರವಾಡ

ಅಪ್ಪಾ, ಜೈಭೀಮ್.

ನನ್ನ ರಕ್ತದ ರಿಪೋರ್ಟ್ ಬಂತು. ಇಷ್ಟು ವರ್ಷ ಒಬ್ಬೊಬ್ಬ ಡಾಕ್ಟರು ಒಂದೊಂದು ಚೀಟಿ ನೋಡಿ, ಅವ್ವಗ ಬರದಂಗ ನನಗೂ ಕಬ್ಬಿಣದ ಗುಳಿಗಿ ಬರದ್ರು. ಈ ಸಲ ದವಾಖಾನಿ ಕಂಪ್ಯೂಟರು ಹಳೇ ರಿಪೋರ್ಟೆಲ್ಲಾ ಜೋಡಿಸಿ ನೋಡಿ, ಬ್ಯಾರೆ ಪರೀಕ್ಷೆ ಮಾಡ್ರಿ ಅಂತು. ಥಲಸ್ಸೇಮಿಯಾ ಅಂತ. ಹುಟ್ಟಿನಿಂದ ಬಂದ ರಕ್ತದ ದೋಷ, ಕಬ್ಬಿಣದ ಗುಳಿಗಿಯಿಂದ ಹೋಗಂಗಿಲ್ಲ. ಅವ್ವನಿಂದ ಬಂದಿರಬೇಕು, ಆಕಿ ರಕ್ತಾನೂ ನೋಡಬೇಕು ಅಂದ್ರು.

ಪರದೆ ಮ್ಯಾಲೆ ನನ್ನ ರಕ್ತದ ಕಣ ತೋರಿಸಿದ್ರು. ಉಣಕಲ್ ಕೆರ್ಯಾಗ ತೇಲೋ ಬಿಳಚಿದ ಚಂದ್ರಗಳಂಗ ಇದ್ವು. ನೋಡ್ತಾ ನೋಡ್ತಾ ಅವುಗಳ ನಡುವ ಅವ್ವನೂ ತೇಲಾಕತ್ತಿದ್ಲು, ಚಹಾದ ತಾಟು ಹಿಡಕೊಂಡು.

ನಿಮ್ಮ ಸಂಘಟನೆ ಸಭಿಗೆ ಚಹಾ ಕೊಟ್ಟು, ಉಸಿರು ಸಾಲದ ಆಕಿ ಗೋಡೆಗೆ ಒರಗಿದಾಗೆಲ್ಲಾ ನೀವು ನಗತಿದ್ರಿ: "ನೋಡ್ರಪಾ, ನಮ್ಮ ಮನ್ಯಾಗ ಮುತ್ತವ್ವನ ಮುಷ್ಕರ ಮುಗಿಯಂಗಿಲ್ಲ!" ಸಮಾನತೆ ಭಾಷಣ ಮಾಡೋ ಸಂಗಾತಿಗಳೂ ನಗತಿದ್ರು.

ಸೋಮವಾರ ಅವ್ವನ್ನ ಕರಕೊಂಡು ಬರ್ರಿ. ಅಲ್ಲೀತನಕ ಆಕಿಗೆ ಕಬ್ಬಿಣದ ಗುಳಿಗಿ ಬ್ಯಾಡ ಅಂದಾರ ಡಾಕ್ಟರು. ಐತವಾರದ ಸಭಿಗೆ ಚಹಾ ನೀವ ಮಾಡ್ರಿ. ಸಕ್ರಿ ಮ್ಯಾಲಿನ ಗೂಡಿನ್ಯಾಗ ಐತಿ. ಅವ್ವ ಮಲಗಿದ್ರ ಎಬ್ಬಿಸಬ್ಯಾಡ್ರಿ. ಮುತ್ತವ್ವ ಎಲ್ಲಿ ಅಂತ ಯಾರರೆ ಕೇಳಿದ್ರ, ಮುಷ್ಕರದಾಗ ಅದಾಳ ಅನ್ರಿ.

ನಗಬ್ಯಾಡ್ರಿ.

ನಿಮ್ಮ ಮಗಳು,
ಸ್ನೇಹಲ್