ಒಣ ಸೀಗಡಿ ಚಟ್ನಿಯ ಫಲಿತಾಂಶ

ಪೂಜ್ಯ ಅತ್ತೆಯವರಿಗೆ,

ಸಮಸ್ತ ಮಣ್ಣಗುಡ್ಡಕ್ಕೆ ತಿಳಿಯಲಿ: ತಮ್ಮ ಒಣ ಸೀಗಡಿ ಚಟ್ನಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದೆ! ಕಾಟಿಪಳ್ಳದ ಮಗಳ ಮನೆಯಲ್ಲಿ ಕುಳಿತು ನೀವು ಫೋನ್ ತೆಗೆಯದ ಕಾರಣ ಫಲಿತಾಂಶವನ್ನು ಕಾಗದದಲ್ಲಿ ಕಳಿಸುತ್ತಿದ್ದೇನೆ.

“ಸೀಗಡಿ ತಿಂದು ಯಾರಾದ್ರೂ ಸಾಯ್ತಾರಾ ಮಾರಾಯ್ತಿ? ಆ ಇಂಜೆಕ್ಷನ್ ಪೆನ್ನಿನ ದುಡ್ಡಿಗೆ ಒಂದು ಉಂಗುರ ಬರ್ತಿತ್ತು” ಎಂದಿರಿ. ಅಲರ್ಜಿ ನಿಜವೋ ನಾಟಕವೋ ನೋಡಲು ಮೊಮ್ಮಗಳ ಗಂಜಿಗೆ ಚಿಟಿಕೆ ಚಟ್ನಿ ಬೆರೆಸಿದಿರಿ. ನಿಜವಂತೆ. ಅನುಷ್ಕಾಳ ತುಟಿ ಊದಿತು, ಉಸಿರು ಕಟ್ಟಿತು. ನಿಮ್ಮ ಮಗ ದೀಪೇಶ್ ದುಬೈಯಿಂದ ತಂದಿದ್ದ ಆ ಅಲರ್ಜಿ ಇಂಜೆಕ್ಷನ್ ಪೆನ್ನನ್ನು ಅವಳ ತೊಡೆಗೆ ಒತ್ತಿ ಕಂಕನಾಡಿಯ ಆಸ್ಪತ್ರೆಗೆ ಓಡಿದೆ. ಬದುಕಿದ್ದಾಳೆ. ಆದರೆ ಆ ಪೆನ್ನು ಒಂದೇ ಸಲಕ್ಕೆ. ಅದು ತಮ್ಮ ಪರೀಕ್ಷೆಯ ಶುಲ್ಕಕ್ಕೆ ಸರಿಹೋಯಿತು.

ಇನ್ನೊಂದು ತನ್ನಿ ಎಂದರೆ ನಿಮ್ಮ ಮಗ, “ಎಂತಕ್ಕೆ? ನೀನು ಗಡಿಬಿಡಿಯಲ್ಲಿ ಸುಮ್ನೆ ಚುಚ್ಚಿ ಹಾಳು ಮಾಡಿದ್ಯಂತೆ, ಅಮ್ಮ ಹೇಳಿದ್ರು” ಎನ್ನುತ್ತಾರೆ. ನಾನು ಕೇಳಿದ ಯಾವ ಮೆಡಿಕಲ್‌ನಲ್ಲೂ ಅದು ಸಿಗಲಿಲ್ಲ. ಅವರು ಊರಿಗೆ ಬರಲು ಗುರುವಾರ ದುಬೈಯಲ್ಲಿ ವಿಮಾನ ಹತ್ತುತ್ತಾರೆ.

ಒಂದು ಸಣ್ಣ ಉಪಕಾರ ಮಾಡಿ. ಅಷ್ಟರೊಳಗೆ ಅವರಿಗೆ ಫೋನ್ ಮಾಡಿ. ನಿಜ ಹೇಳಲು ನಾಚಿಕೆಯಾದರೆ ಬೇಡ, “ಇನ್ನೊಂದು ತಾ ಮಗಾ” ಎಂದಷ್ಟೇ ಹೇಳಿದರೂ ಸಾಕು.

ಇತಿ ನಿಮ್ಮ ಸೊಸೆ,
ಪ್ರಾಪ್ತಿ