ಓವನ್ನಿನಲ್ಲಿ ಸಂಡಿಗೆ

ಅತ್ತೆ,

ಓವನ್ ಮುಟ್ಟಬೇಡಿ. ಪ್ಲಗ್ ಕಿತ್ತಿಟ್ಟಿದ್ದೇನೆ, ಮತ್ತೆ ಸಿಕ್ಕಿಸಬೇಡಿ.

ಬೆಳಿಗ್ಗೆ ನೋಡಿದರೆ ಅದರ ಮೇಲೆ ‘ರಿಲೇ ಫಾಲ್ಟ್’ ಎಂದು ಮಿನುಗುತ್ತಿತ್ತು. ನೀವು ಆಫ್ ಮಾಡಿದ್ದೀರಿ, ಸರಿ. ಆದರೂ ಒಳಗೆ ಕಾಯಿಲ್ ಕೆಂಪಗಿತ್ತು, ಸಂಡಿಗೆ ಕರಕಲಾಗಿತ್ತು. ಮನೆಗೆ ಬೆಂಕಿ ಬೀಳದಿದ್ದದ್ದೇ ಪುಣ್ಯ. ಕೂಗಾಡಲೂ ನನಗೆ ಶಕ್ತಿಯಿಲ್ಲ.

ರಿಪೇರಿಯವರಿಗೆ ಫೋನ್ ಮಾಡಿದೆ. ಕಾಯಿಲಿಗೆ ಕರೆಂಟ್ ಬಿಟ್ಟು ನಿಲ್ಲಿಸುವ ಪುಟ್ಟ ಸ್ವಿಚ್ಚೇ ರಿಲೇಯಂತೆ. ಅದು ಅಂಟಿಕೊಂಡಿದೆ. “ದಿನಾ ಗಂಟೆಗಟ್ಲೆ ಏನ್ ಬೇಯಿಸ್ತೀರಾ ಮೇಡಂ?” ಎಂದರು. ಸಂಡಿಗೆ ಒಣಗಿಸುತ್ತೇವೆ ಎನ್ನಲು ನಾಚಿಕೆಯಾಗಿ ಕೇಕ್ ಎಂದುಬಿಟ್ಟೆ. ಸಂಜೆ ಬರುತ್ತಾರೆ. ನೀವೂ ಕೇಕ್ ಅಂತಲೇ ಹೇಳಿ.

ಉಳಿದ ಹಿಟ್ಟು ಫ್ರಿಜ್ಜಿನಲ್ಲಿದೆ.

ಟೆರೇಸಿನ ರೂಮು ಬಾಡಿಗೆಗೆ ಕೊಟ್ಟ ಮೇಲೆ ನೀವು ಮೆಟ್ಟಿಲೇ ಹತ್ತಿಲ್ಲ. ಬಾಡಿಗೆಯವರ ಬಾಗಿಲ ಮುಂದೆ ಸಂಡಿಗೆ ಹರವಲು ಸಂಕೋಚ, ನನಗೆ ಗೊತ್ತು. ಅದಕ್ಕೇ ಆ ರೂಮಿನ ಹನುಮವ್ವನನ್ನು ನಾನೇ ಕೇಳಿದೆ.

“ನಿಮ್ದ ಮನಿ ಐತಿ, ನನ್ನೇನ್ ಕೇಳ್ತೀರಿ ಅಕ್ಕಾರ? ಅಮ್ಮಾರ್ನ ಕಳಸ್ರಿ, ನಾನೂ ಕೈ ಹಚ್ತೀನಿ” ಎಂದಳು.

ನನ್ನ ಕ್ಯಾಬ್ ಬಂತು. ಮಂಡಿ ನೋವಿನ ಮಾತ್ರೆ ನುಂಗಿ, ಕಂಬಿ ಹಿಡಿದು ನಿಧಾನ ಹತ್ತಿ. ಬಟ್ಟೆಯ ಹಗ್ಗ ಬಿಚ್ಚಿ, ನಿಮ್ಮ ಹಳೇ ಸೀರೆ ಬಿಸಿಲಿಗೆ ಹಾಸಿಕೊಂಡು ಅವಳು ಕಾಯುತ್ತಿದ್ದಾಳೆ.

ಬಿಂದು